ಹೇರ್ ಕ್ಲಿಪ್‌ಗೆ ರಿಬ್ಬನ್ ಅಂಟಿಸಲು ಮನೆಯಲ್ಲೇ ಮಾಡಿಕೊಳ್ಳುವ ಹಲಗೆ

ಹೇರ್ ಕ್ಲಿಪ್‌ಗೆ ರಿಬ್ಬನ್ ಅಂಟಿಸಲು ಕೂತವರಿಗೆಲ್ಲ ಎದುರಾಗುವ ಕಷ್ಟ ಒಂದೇ: ಕೈ ಸಾಲದು. ಒಂದು ಕೈ ಕ್ಲಿಪ್‌ನ ಬಾಯಿ ತೆರೆದು ಹಿಡಿಯಬೇಕು, ಇನ್ನೊಂದು ಅಂಟನ್ನು ಕರಗಿಸಿ ಬಿಡುವ ಗ್ಲೂ ಗನ್ ಹಿಡಿಯಬೇಕು, ರಿಬ್ಬನ್ ಹಿಡಿಯಲು ಮೂರನೆಯ ಕೈ ಬೇಕು. ಬೆರಳು ಸ್ವಲ್ಪ ಸಡಿಲವಾದರೂ ಬಾಯಿ ಟಪ್ಪೆಂದು ಮುಚ್ಚಿಕೊಳ್ಳುತ್ತದೆ. ಆಗ ರಿಬ್ಬನ್ ಸೊಟ್ಟಗಾಗುತ್ತದೆ, ಬಿಸಿ ಅಂಟು ಕೆಳಗಿನ ದವಡೆಗೂ ತಾಗಿ ಎರಡೂ ಕಚ್ಚಿಕೊಳ್ಳುತ್ತವೆ, ಬೆರಳೂ ಸುಡುತ್ತದೆ. ಒಂದೆರಡು ಕ್ಲಿಪ್ ಆದರೆ ಹೇಗೋ ಸುಧಾರಿಸಬಹುದು. ಒಂದು ಡಜನ್ ಮಾಡಬೇಕಾದರೆ ಬೆರಳು ಸೋಲುತ್ತದೆ, ಕೊನೆಯವುಗಳ ಅಂದ ಕೆಡುತ್ತದೆ.

ಇದಕ್ಕೆ ಒಳ್ಳೆಯ ಪರಿಹಾರ ಒಂದು ಚಿಕ್ಕ ಮರದ ಹಲಗೆ. ಅದರಲ್ಲಿ ಎರಡೇ ಭಾಗ. ಮೊದಲನೆಯದು ಎರಡು ಪುಟ್ಟ ಗೋಡೆಗಳ ನಡುವೆ ಕ್ಲಿಪ್‌ನ ಬಾಲವನ್ನು ಒತ್ತಿ ಹಿಡಿದು ಬಾಯಿ ತೆರೆದಿಡುವ ಜಾಗ, ಅದನ್ನು ಗಾಡಿ ಎನ್ನೋಣ. ಎರಡನೆಯದು ಅಂಟು ಗಟ್ಟಿಯಾಗುವ ತನಕ ಕ್ಲಿಪ್ ಕಚ್ಚಿಕೊಂಡು ಕೂರುವ ನಾಲಿಗೆ. ಬಿಡುವಿನ ಒಂದು ಮಧ್ಯಾಹ್ನ ಸಾಕು ಇದನ್ನು ಮಾಡಲು, ಆಮೇಲೆ ಅಂಟು ಒಣಗಲು ಒಂದು ಪೂರ್ತಿ ದಿನ ಬಿಡಬೇಕು.

ಇಲ್ಲಿ ಹೇಳುತ್ತಿರುವುದು ಅಲಿಗೇಟರ್ ಕ್ಲಿಪ್ ಬಗ್ಗೆ, ಅದರಲ್ಲೂ ಸುಮಾರು 45 ಮಿ.ಮೀ. ಉದ್ದದ, ಕೆಳಗೆ ಒಂದೇ ಕಡ್ಡಿ ಇರುವ ಲೋಹದ ಕ್ಲಿಪ್ ಬಗ್ಗೆ. ಬೋ ಮತ್ತು ಹೂವುಗಳನ್ನು ಹೆಚ್ಚಾಗಿ ಅಂಟಿಸುವುದು ಇದಕ್ಕೇ. ಗೊಂದಲವಾಗದಿರಲಿ ಎಂದು ಭಾಗಗಳಿಗೆ ಹೆಸರಿಟ್ಟುಕೊಳ್ಳೋಣ. ಬೋ ಕೂರುವ ಅಗಲವಾದ ಪಟ್ಟಿ ಮೇಲ್ದವಡೆ. ಕೂದಲಿನ ಒಳಗೆ ಹೋಗುವ ಸಣ್ಣ ಕಡ್ಡಿ ಕೆಳದವಡೆ. ಬೆರಳಿನಿಂದ ಒತ್ತುವ ಹಿಂಭಾಗ ಬಾಲ, ಮೇಲೊಂದು, ಕೆಳಗೊಂದು. ನಡುವೆ ಸ್ಪ್ರಿಂಗ್.

ರಿಬ್ಬನ್ ಯಾಕೆ ಬೇಕು

ಬರೀ ಅಂದಕ್ಕಾಗಿ ಅಂದುಕೊಂಡರೆ ತಪ್ಪು. ನುಣುಪಾದ ಲೋಹ ತೆಳ್ಳನೆಯ ಕೂದಲಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಮೇಲ್ದವಡೆಯ ಒಳಮೈಗೆ ರಿಬ್ಬನ್ ಇದ್ದರೆ ಅದರ ನೇಯ್ಗೆ ಕೂದಲನ್ನು ಹಿಡಿಯುತ್ತದೆ. ಪಟ್ಟಿಯ ಚೂಪು ಅಂಚಿಗೆ ಕೂದಲು ಸಿಕ್ಕಿ ಕೀಳುವುದೂ ತಪ್ಪುತ್ತದೆ. ಇಂಥ ಕ್ಲಿಪ್‌ಗಳಲ್ಲಿ ಎಷ್ಟೋ ನಿಕ್ಕಲ್ ಲೇಪ ಇರುವಂಥವು, ನಿಕ್ಕಲ್ ಆಗದವರ ಚರ್ಮ ಕೆಂಪಾಗಿ ತುರಿಸುತ್ತದೆ. ರಿಬ್ಬನ್ ನಡುವೆ ಬಂದರೆ ಲೋಹ ತಾಗುವುದು ಕಡಿಮೆಯಾಗುತ್ತದೆ. ಇನ್ನೊಂದು ಲಾಭ ಬೋ ಅಂಟಿಸುವವರಿಗೆ ಚೆನ್ನಾಗಿ ಗೊತ್ತು: ಬಿಸಿ ಅಂಟು ಬರೀ ಲೋಹದಿಂದ ಒಂದೇ ಎಳೆತಕ್ಕೆ ಸುಲಿದು ಬರುತ್ತದೆ, ಬಟ್ಟೆಯಿಂದ ಅಷ್ಟು ಸುಲಭವಾಗಿ ಬರುವುದಿಲ್ಲ.

ಹೊಂದಿಸಿಕೊಳ್ಳಬೇಕಾದ ಸಾಮಾನು

ತಳಕ್ಕೆ ಸುಮಾರು 15 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಪ್ಲೈವುಡ್ ಅಥವಾ ಮರದ ತುಂಡು. ದಪ್ಪ 12 ಮಿ.ಮೀ.ಗಿಂತ ಕಡಿಮೆ ಬೇಡ, ಹಗುರವಾದ ಹಲಗೆ ಮೇಜಿನ ಮೇಲೆ ಓಡಾಡುತ್ತದೆ. ಗಾಡಿಯ ಗೋಡೆಗಳಿಗೆ 20 ಮಿ.ಮೀ. ಉದ್ದ, 15 ಮಿ.ಮೀ. ಅಗಲ, 12 ಮಿ.ಮೀ. ಎತ್ತರದ ಎರಡು ಮರದ ತುಂಡು. ಏಳೆಂಟು ಐಸ್‌ಕ್ರೀಮ್ ಕಡ್ಡಿ. ನಾಲ್ಕು ಸಣ್ಣ ಸ್ಕ್ರೂ. ಮರದ ಕೆಲಸಕ್ಕೆ ಬಳಸುವ ಬಿಳಿ ಅಂಟು. ಹಳೆಯ ಸೈಕಲ್ ಟ್ಯೂಬಿನ ಒಂದು ತುಣುಕು. ಸ್ವಲ್ಪ ಸ್ಯಾಂಡ್‌ಪೇಪರ್. ಬೇಕಿಂಗ್ ಪೇಪರ್ ಅಥವಾ ತೆಳ್ಳನೆಯ ಸಿಲಿಕೋನ್ ಹಾಳೆ.

ಕೊನೆಯದಕ್ಕೆ ಬದಲಾಗಿ ಮೇಣದ ಕಾಗದ ಬಳಸಬೇಡಿ. ಬೇಕಿಂಗ್ ಪೇಪರ್‌ಗೆ ಸಿಲಿಕೋನ್ ಲೇಪ ಇರುತ್ತದೆ, ಬಿಸಿ ಅಂಟು ಅದಕ್ಕೆ ಹಿಡಿಯುವುದಿಲ್ಲ. ಮೇಣದ ಕಾಗದದ ಮೇಣ ಬಿಸಿಗೆ ಕರಗಿ ರಿಬ್ಬನ್‌ಗೆ ಕಲೆ ಮಾಡುತ್ತದೆ.

ಗಾಡಿಯ ಅಳತೆ: ಇಡೀ ಕೆಲಸದ ಜೀವ ಇಲ್ಲಿದೆ

ಎರಡು ಗೋಡೆಗಳ ನಡುವಿನ ಅಂತರ ಸರಿಯಾಗಿದ್ದರೆ ಹಲಗೆ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಎಷ್ಟು ಚೆಂದ ಮಾಡಿದರೂ ಪ್ರಯೋಜನವಿಲ್ಲ. ಅಂತರ ಹೆಚ್ಚಾದರೆ ಬಾಯಿ ಸಾಕಷ್ಟು ತೆರೆಯುವುದಿಲ್ಲ, ಕಡಿಮೆಯಾದರೆ ಬಾಲ ಒಳಗೆ ಇಳಿಯುವುದೇ ಇಲ್ಲ. ಎಲ್ಲ ಕ್ಲಿಪ್‌ಗೂ ಹೊಂದುವ ಒಂದು ಸಂಖ್ಯೆ ಹೇಳಲು ಬರುವುದಿಲ್ಲ. ಒಂದೇ ಉದ್ದದ ಕ್ಲಿಪ್‌ಗಳಲ್ಲೂ ಬಾಲದ ಬಾಗು ಬೇರೆ ಬೇರೆ ಇರುತ್ತದೆ. ನಿಮ್ಮ ಬಳಿ ಇರುವ ಕ್ಲಿಪ್‌ನಿಂದಲೇ ಅಳತೆ ತೆಗೆಯಬೇಕು.

ಕ್ಲಿಪ್ ಒತ್ತಿ ಹಿಡಿದುಕೊಂಡೇ ಅಳೆಯಲು ಹೋದರೆ ಬೆರಳು ನಡುಗಿ ಅಳತೆ ತಪ್ಪುತ್ತದೆ. ಇದಕ್ಕೊಂದು ಸುಲಭ ದಾರಿ ಇದೆ. ಐಸ್‌ಕ್ರೀಮ್ ಕಡ್ಡಿ ಒಂದೊಂದೂ ಸುಮಾರು 2 ಮಿ.ಮೀ. ದಪ್ಪ. ಐದು ಕಡ್ಡಿ ಒಂದರ ಮೇಲೊಂದು ಇಟ್ಟರೆ 10 ಮಿ.ಮೀ. ಆಯಿತು. ಈ ಕಂತೆಯನ್ನು ಕ್ಲಿಪ್‌ನ ಬಾಯಿಯ ತುದಿಯಲ್ಲಿ ಕಚ್ಚಿಸಿ ಕೈ ಬಿಡಿ. ಬಾಯಿ ಬೇಕಾದಷ್ಟು ತೆರೆದು ಅಲ್ಲೇ ನಿಂತಿರುತ್ತದೆ. ಈಗ ಎರಡು ಬಾಲಗಳ ಹೊರ ಅಂಚಿನಿಂದ ಹೊರ ಅಂಚಿಗೆ ನಿಧಾನವಾಗಿ ಸ್ಟೀಲ್ ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. ನಿಮ್ಮ ಗ್ಲೂ ಗನ್‌ನ ಮೂತಿ ದಪ್ಪಗಿದ್ದರೆ ಆರು ಕಡ್ಡಿ ಇಟ್ಟು 12 ಮಿ.ಮೀ. ಮಾಡಿಕೊಳ್ಳಿ. ಅದಕ್ಕಿಂತ ಹೆಚ್ಚು ತೆರೆಯುವ ಅಗತ್ಯವಿಲ್ಲ, ಸ್ಪ್ರಿಂಗ್‌ಗೆ ಸುಮ್ಮನೆ ಹಿಂಸೆ.

ಆ ಅಳತೆಗೆ ಟ್ಯೂಬಿನ ದಪ್ಪವನ್ನು ಎರಡು ಸಲ ಕೂಡಿಸಿ. ಎರಡೂ ಗೋಡೆಯ ಒಳಮೈಗೆ ರಬ್ಬರ್ ಬರುತ್ತದಲ್ಲ, ಅದಕ್ಕೆ. ಮರ ಮಾತ್ರ ಇದ್ದರೆ ಲೋಹದ ಬಾಲ ಜಾರಿ ಕ್ಲಿಪ್ ಮುಂದಕ್ಕೆ ಚಿಮ್ಮುತ್ತದೆ, ರಬ್ಬರ್ ಇದ್ದರೆ ಕೂತಲ್ಲೇ ಕೂರುತ್ತದೆ. ಟ್ಯೂಬ್ ಸಿಗದಿದ್ದರೆ ಸ್ಯಾಂಡ್‌ಪೇಪರ್ ತುಣುಕು ಅಂಟಿಸಿದರೂ ನಡೆಯುತ್ತದೆ.

ಗಾಡಿ ಕೂರಿಸುವುದು

ಕ್ಲಿಪ್ ಈ ಗಾಡಿಯಲ್ಲಿ ಮಗ್ಗುಲಾಗಿ ಮಲಗುತ್ತದೆ. ಬಾಯಿ ನಿಮ್ಮ ಕಡೆಗೆ, ದವಡೆಗಳು ಎಡಕ್ಕೊಂದು ಬಲಕ್ಕೊಂದು. ಹಾಗೆ ಮಲಗಿಸಿದರೆ ಮೇಲಿನಿಂದ ಒಳಮೈ ಪೂರ್ತಿ ಕಾಣುತ್ತದೆ, ಮೂತಿ ಆಡಿಸಲು ಜಾಗ ಸಿಗುತ್ತದೆ.

ಗೋಡೆಗಳನ್ನು ಹಲಗೆಯ ನಡುವೆ ಕೂರಿಸಬೇಡಿ. ನಿಮ್ಮ ಕಡೆಯ ಅಂಚಿಗೆ ಸರಿಸಮವಾಗಿ ಕೂರಿಸಿ. ಕಾರಣ ಇದು: ರಿಬ್ಬನ್ ಕ್ಲಿಪ್‌ಗಿಂತ ಒಂದೆರಡು ಮಿ.ಮೀ. ಅಗಲ ಇರುತ್ತದೆ. ದವಡೆ ಹಲಗೆಯ ಮೇಲೆ ಮಲಗಿದ್ದರೆ ರಿಬ್ಬನ್‌ನ ಕೆಳ ಅಂಚು ಮರಕ್ಕೆ ತಾಗಿ ಮೇಲಕ್ಕೆ ತಳ್ಳಲ್ಪಡುತ್ತದೆ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆಗುತ್ತದೆ. ಬಾಲ ಮಾತ್ರ ಗೋಡೆಗಳ ನಡುವೆ ಇದ್ದು, ಸ್ಪ್ರಿಂಗ್ ಮತ್ತು ದವಡೆ ಅಂಚಿನಿಂದ ಆಚೆ ಗಾಳಿಯಲ್ಲಿ ಚಾಚಿಕೊಂಡಿರಬೇಕು. ಆಗ ರಿಬ್ಬನ್ ಎರಡೂ ಕಡೆ ಸಮನಾಗಿ ಕೂರುತ್ತದೆ.

ಅಳತೆಗೆ ತಕ್ಕಂತೆ ಪೆನ್ಸಿಲಿನಲ್ಲಿ ಎರಡು ಸಮಾನಾಂತರ ಗೆರೆ ಎಳೆಯಿರಿ. ಎಡಗೋಡೆಯನ್ನು ಬಿಳಿ ಅಂಟು ಹಚ್ಚಿ ಕೂರಿಸಿ, ತಳದಿಂದ ಎರಡು ಸ್ಕ್ರೂ ಹಾಕಿ. ಸ್ಕ್ರೂ ಹಾಕುವ ಮೊದಲು ಅದಕ್ಕಿಂತ ಸಣ್ಣ ತೂತು ಕೊರೆದುಕೊಳ್ಳದಿದ್ದರೆ ಇಷ್ಟು ಚಿಕ್ಕ ಮರದ ತುಂಡು ಸೀಳುತ್ತದೆ. ಎರಡು ಸ್ಕ್ರೂ ಯಾಕೆಂದರೆ, ಒಂದೇ ಇದ್ದರೆ ಗೋಡೆ ಅದರ ಸುತ್ತ ತಿರುಗಿಬಿಡುತ್ತದೆ.

ಬಲಗೋಡೆಗೆ ಈಗಲೇ ಅಂಟು ಬೇಡ. ಬಿಗಿಯಾದ ಪಟ್ಟು ಅಥವಾ ಕ್ಲ್ಯಾಂಪ್‌ನಲ್ಲಿ ಹಿಡಿದು, ಎರಡೂ ಗೋಡೆಯ ಒಳಮೈಗೆ ರಬ್ಬರ್ ತುಣುಕನ್ನು ಅಂಟಿಸದೆ ಸುಮ್ಮನೆ ಇಟ್ಟುಕೊಂಡು, ಕ್ಲಿಪ್ ಒತ್ತಿ ಮೇಲಿನಿಂದ ಇಳಿಸಿ ನೋಡಿ. ಬಾಯಿ ಸರಿಯಾಗಿ ತೆರೆದಿದೆಯೇ, ಕ್ಲಿಪ್ ಅಲುಗಾಡದೆ ಕೂತಿದೆಯೇ ಎಂದು ಪರೀಕ್ಷಿಸಿ. ಬೇರೆ ಬೇರೆ ದಿನ ತಂದ ಕ್ಲಿಪ್ ಇದ್ದರೆ ಎಲ್ಲದರಲ್ಲೂ ಒಂದೊಂದು ಹಾಕಿ ನೋಡಿ, ಇದ್ದವುಗಳಲ್ಲಿ ದೊಡ್ಡ ಬಾಲದ ಕ್ಲಿಪ್‌ಗೆ ಹೊಂದುವಂತೆ ಗೋಡೆ ಕೂರಿಸಿ. ಸಣ್ಣ ಬಾಲದವು ಬಂದಾಗ ಗೋಡೆಗೂ ಬಾಲಕ್ಕೂ ನಡುವೆ ದಪ್ಪ ರಟ್ಟಿನ ತುಣುಕು ಸಿಕ್ಕಿಸಿದರೆ ಆಯಿತು. ತೃಪ್ತಿಯಾದ ಮೇಲೆ ಬಲಗೋಡೆಗೂ ಅಂಟು, ಸ್ಕ್ರೂ.

ಗೋಡೆಗಳನ್ನು ಗ್ಲೂ ಗನ್‌ನಲ್ಲೇ ಅಂಟಿಸಿಬಿಡೋಣ ಎಂದು ಅನ್ನಿಸಬಹುದು, ಗನ್ ಹೇಗೂ ಮೇಜಿನ ಮೇಲೆ ಇರುತ್ತದೆ. ದಯವಿಟ್ಟು ಬೇಡ. ಸ್ಪ್ರಿಂಗ್ ಪ್ರತಿ ಸಲವೂ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ, ಬಿಸಿ ಅಂಟು ಆ ಒತ್ತಡಕ್ಕೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಬಿಳಿ ಅಂಟಿಗೆ ಪೂರ್ತಿ ಬಲ ಬರಲು 24 ಗಂಟೆ ಬೇಕು, ಅಷ್ಟು ಹೊತ್ತು ಕಾಯಿರಿ. ರಬ್ಬರ್ ತುಣುಕನ್ನು ಕೊನೆಯಲ್ಲಿ ಅಂಟಿಸಿ. ಸೈಕಲ್ ಪಂಕ್ಚರ್‌ಗೆ ಬಳಸುವ ಸಲ್ಯೂಷನ್ ಇದಕ್ಕೆ ಚೆನ್ನಾಗಿ ಹಿಡಿಯುತ್ತದೆ.

ನಾಲಿಗೆ

ಇದು ಸುಲಭ. ಎರಡು ಐಸ್‌ಕ್ರೀಮ್ ಕಡ್ಡಿಯನ್ನು ಒಂದಕ್ಕೊಂದು ಅಂಟಿಸಿ, ಹಲಗೆಯ ಬಲ ಅಂಚಿನಿಂದ 5 ಸೆಂ.ಮೀ. ಹೊರಗೆ ಚಾಚುವಂತೆ ಮೇಲ್ಮೈಗೆ ಅಂಟಿಸಿ. ಚಾಚಿದ ಭಾಗಕ್ಕೆ ಬೇಕಿಂಗ್ ಪೇಪರ್ ಬಿಗಿಯಾಗಿ ಒಂದು ಸುತ್ತು ಸುತ್ತಿ, ಹಿಂಭಾಗದಲ್ಲಿ ಟೇಪ್ ಹಾಕಿ. ಟೇಪ್ ಕ್ಲಿಪ್ ಕಚ್ಚುವ ಜಾಗಕ್ಕೆ ಬರಬಾರದು, ಬಿಸಿ ತಾಗಿದರೆ ಸುಕ್ಕುಗಟ್ಟುತ್ತದೆ. ಸಿಲಿಕೋನ್ ಹಾಳೆ ಇದ್ದರೆ ಇನ್ನೂ ಒಳ್ಳೆಯದು, ಬದಲಾಯಿಸುವ ತೊಂದರೆಯಿಲ್ಲ.

ಒಮ್ಮೆಲೇ ಹಲವು ಕ್ಲಿಪ್ ಮಾಡುವವರು ಮೂರು ನಾಲ್ಕು ನಾಲಿಗೆಗಳನ್ನು ಸಾಲಾಗಿ ಇಟ್ಟುಕೊಳ್ಳಿ. ಒಂದರ ಮೇಲೆ ಅಂಟು ಆರುತ್ತಿರುವಾಗ ಇನ್ನೊಂದಕ್ಕೆ ಕೈ ಹಾಕಬಹುದು.

ಹಲಗೆಯ ಹಿಂದಿನ ಅಂಚಿನಲ್ಲಿ ರಿಬ್ಬನ್ ಉದ್ದಕ್ಕೆ ಎರಡು ಗೆರೆಯನ್ನೂ ಹಾಕಿಕೊಳ್ಳಿ. ಉದ್ದ ಎಷ್ಟು ಎಂಬುದನ್ನು ಮುಂದೆ ಹೇಳುತ್ತೇನೆ.

ರಿಬ್ಬನ್ ಆಯ್ಕೆ, ಅಳತೆ, ಅಂಚು

ಅಡ್ಡ ಗೆರೆಗಳಿರುವ ಗ್ರೋಗ್ರೇನ್ ರಿಬ್ಬನ್ ನನ್ನ ಮೊದಲ ಆಯ್ಕೆ. ಅದರ ಗೆರೆಗಳೇ ಕೂದಲನ್ನು ಹಿಡಿಯುತ್ತವೆ, ದಪ್ಪ ನೇಯ್ಗೆಯಾದ್ದರಿಂದ ಅಂಟು ಮೇಲಕ್ಕೆ ಇಂಗುವುದಿಲ್ಲ. ಸ್ಯಾಟಿನ್ ಹೊಳೆಯುತ್ತದೆ ನಿಜ, ಆದರೆ ಜಾರುತ್ತದೆ, ತೆಳುವಾದ್ದರಿಂದ ಒಳಗಿನ ಅಂಟಿನ ಗೆರೆ ಮೇಲೆ ಎದ್ದು ಕಾಣುತ್ತದೆ. ಅಗಲ ಸುಮಾರು 10 ಮಿ.ಮೀ., ಅಂಗಡಿಯವರು ಮೂರೆಂಟಾಂಶ (3/8) ಇಂಚು ಎಂದು ಹೇಳುವ ಅಳತೆ.

ಉದ್ದಕ್ಕೆ ದಾರ ಹಿಡಿದು ಅಳೆಯಿರಿ. ಮೇಲ್ದವಡೆಯ ಒಳಗೆ, ಸ್ಪ್ರಿಂಗ್‌ಗಿಂತ 3 ಮಿ.ಮೀ. ಮುಂಚೆ ದಾರದ ತುದಿ ಇಟ್ಟು, ಬಾಯಿಯ ತುದಿಯನ್ನು ಸುತ್ತಿ, ಮೇಲ್ಮೈ ಮೇಲೆ ಬಾಲದ ಕೊನೆಯವರೆಗೆ ಹಾಯಿಸಿ, ಬಾಲದ ಅಡಿಗೆ ಮಡಚಿ ಸ್ಪ್ರಿಂಗ್ ಹತ್ತಿರ ನಿಲ್ಲಿಸಿ. 45 ಮಿ.ಮೀ. ಕ್ಲಿಪ್‌ಗೆ ಇದು ಸಾಮಾನ್ಯವಾಗಿ 9ರಿಂದ 10 ಸೆಂ.ಮೀ. ಬರುತ್ತದೆ. ಈ ಅಳತೆಯನ್ನೇ ಹಲಗೆಯ ಮೇಲೆ ಗೆರೆ ಹಾಕಿಕೊಂಡರೆ ಮತ್ತೆ ಮತ್ತೆ ಸ್ಕೇಲ್ ಹುಡುಕಬೇಕಾಗಿಲ್ಲ.

ಕತ್ತರಿಸಿದ ತುದಿಗಳು ಎಳೆ ಬಿಚ್ಚದಂತೆ ಬಿಸಿ ತೋರಿಸಬೇಕು. ಪಾಲಿಯೆಸ್ಟರ್ ಮತ್ತು ನೈಲಾನ್ ರಿಬ್ಬನ್ ಕರಗಿ ಅಂಚು ಮುಚ್ಚಿಕೊಳ್ಳುತ್ತದೆ. ಹತ್ತಿಯದು ಕರಗುವುದಿಲ್ಲ, ಸುಡುತ್ತದೆ. ಅದಕ್ಕೆ ತುದಿಗೆ ತೆಳ್ಳಗೆ ಬಟ್ಟೆ ಅಂಟು ಹಚ್ಚಿ ಒಣಗಿಸುವುದೇ ದಾರಿ. ಲೈಟರ್ ಅಥವಾ ಮೇಣದ ಬತ್ತಿಯ ಜ್ವಾಲೆಯ ಹಳದಿ ತುದಿಗೆ ಹಿಡಿದರೆ ಮಸಿ ಹತ್ತುತ್ತದೆ. ಬುಡದ ನೀಲಿ ಭಾಗದ ಪಕ್ಕಕ್ಕೆ ರಿಬ್ಬನ್ ತುದಿಯನ್ನು ನಿಧಾನವಾಗಿ ತನ್ನಿ. ಅಂಚು ಸಣ್ಣಗೆ ಹೊಳೆದು ಒಳಕ್ಕೆ ಸರಿದದ್ದು ಕಂಡ ಕೂಡಲೇ ಹಿಂದಕ್ಕೆ ಎಳೆಯಿರಿ. ಬೆಂಕಿಯೊಳಗೆ ತೂರಿಸುವ ಅಗತ್ಯವೇ ಇಲ್ಲ. ಕರಗಿದ ಅಂಚನ್ನು ಆ ಕ್ಷಣವೇ ಮುಟ್ಟಬೇಡಿ, ಕರಗಿದ ಪ್ಲಾಸ್ಟಿಕ್ ಬೆರಳಿಗೆ ಅಂಟಿಕೊಂಡೇ ಸುಡುತ್ತದೆ. ಕೂದಲು ಕಟ್ಟಿಕೊಂಡು ಕೂರಿ.

ಅಂಟಿಸುವ ಕೆಲಸ

ಮೇಲ್ದವಡೆಯ ಒಳಮೈ, ಮೇಲ್ಮೈ ಎರಡನ್ನೂ ಸ್ಯಾಂಡ್‌ಪೇಪರ್‌ನಿಂದ ಎರಡೆರಡು ಸಲ ಉಜ್ಜಿ, ಒದ್ದೆಯಿಲ್ಲದ ಬಟ್ಟೆಯಿಂದ ಒರೆಸಿ. ಹೊಸ ಕ್ಲಿಪ್ ಮೇಲೆ ಎಣ್ಣೆಯ ಪಸೆ ಇರಬಹುದು. ನಿಕ್ಕಲ್ ಆಗದವರಿಗಾಗಿ ಮಾಡುವ ಕ್ಲಿಪ್ ಆದರೆ ಉಜ್ಜುವುದನ್ನು ಬಿಟ್ಟು ಸ್ಪಿರಿಟ್‌ನಿಂದ ಒರೆಸಿ ಆರಿಸಿದರೆ ಸಾಕು.

ಕ್ಲಿಪ್ ಅನ್ನು ಗಾಡಿಗೆ ಇಳಿಸಿ. ಬಲಗೈಯವರು ಮೇಲ್ದವಡೆ ಎಡಕ್ಕೆ ಬರುವಂತೆ ಇಡಿ, ಗನ್‌ನ ಮೂತಿ ತಾನಾಗಿ ಅದರ ಒಳಮೈ ಕಡೆ ತಿರುಗಿರುತ್ತದೆ. ಎಡಗೈಯವರಿಗೆ ಇದರ ತಿರುವು.

ಅಂಟು ಹಾಕುವ ಮೊದಲೇ ಇನ್ನೊಂದು ಕೈಯಲ್ಲಿ ಚಿಮಟ, ಚಿಮಟದಲ್ಲಿ ರಿಬ್ಬನ್ ಸಿದ್ಧವಾಗಿರಲಿ. ಲೋಹ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ತೆಳ್ಳನೆಯ ಅಂಟಿನ ಗೆರೆ ಕೆಲವೇ ಸೆಕೆಂಡುಗಳಲ್ಲಿ ತಣಿದು ಹಿಡಿತ ಕಳೆದುಕೊಳ್ಳುತ್ತದೆ. ಅಂಟು ಹಾಕಿ, ಗನ್ ಕೆಳಗಿಟ್ಟು, ರಿಬ್ಬನ್ ಹುಡುಕುವಷ್ಟರಲ್ಲಿ ತಡವಾಗಿರುತ್ತದೆ. ಒಳಗಿನಿಂದ ಬಾಯಿಯ ತುದಿಯ ಕಡೆಗೆ ಒಂದೇ ತೆಳು ಗೆರೆ ಎಳೆಯಿರಿ. ಸ್ಪ್ರಿಂಗ್ ಕಡೆ 3 ಮಿ.ಮೀ. ಖಾಲಿ ಬಿಡಿ. ಅಂಟು ಸ್ಪ್ರಿಂಗ್‌ಗೆ ಹೋದರೆ ಕ್ಲಿಪ್ ಬಿಗಿದುಕೊಂಡು ಆಮೇಲೆ ಸರಿಯಾಗಿ ತೆರೆಯುವುದಿಲ್ಲ. ರಿಬ್ಬನ್ ತುದಿಯನ್ನು ಒಳಗಿಟ್ಟು, ಒಂದು ಐಸ್‌ಕ್ರೀಮ್ ಕಡ್ಡಿಯಿಂದ ಒಳಗಿನಿಂದ ಹೊರಕ್ಕೆ ಸವರಿ ಒತ್ತಿ. ಬೆರಳು ಹಾಕಬೇಡಿ.

ಈಗ ಕ್ಲಿಪ್ ಅನ್ನು ಗಾಡಿಯಿಂದ ಎತ್ತಿ, ಮೇಲ್ದವಡೆ ಮೇಲೆ ಬರುವಂತೆ ನಾಲಿಗೆಗೆ ಕಚ್ಚಿಸಿ. ಇಲ್ಲಿ ಸ್ಪ್ರಿಂಗ್‌ನ ಬಲವೇ ರಿಬ್ಬನ್ ಅನ್ನು ಲೋಹಕ್ಕೆ ಒತ್ತಿ ಹಿಡಿಯುತ್ತದೆ. ನಿಮ್ಮ ಎರಡೂ ಕೈ ಬಿಡುವು. ಅರ್ಧ ನಿಮಿಷ ಬಿಡಿ. ಅಂಚಿನಿಂದ ಅಂಟು ಹೊರಬಂದಿದ್ದರೂ ನಾಲಿಗೆಗೆ ಹಿಡಿಯುವುದಿಲ್ಲ, ಬೇಕಿಂಗ್ ಪೇಪರ್ ಸುತ್ತಿದ್ದು ಅದಕ್ಕೇ.

ಮುಂದೆ ಬಾಯಿಯ ತುದಿ. ರಿಬ್ಬನ್ ಅನ್ನು ತುದಿಯ ಸುತ್ತ ಬಿಗಿಯಾಗಿ ಎಳೆದು ಮೇಲಕ್ಕೆ ತಿರುಗಿಸಿ. ಇಲ್ಲಿ ಸಣ್ಣ ಕುಣಿಕೆ ಉಳಿದರೂ ಕೂದಲು ಅದರಲ್ಲೇ ಸಿಕ್ಕುತ್ತದೆ, ರಿಬ್ಬನ್ ಕೀಳುವುದೂ ಅಲ್ಲಿಂದಲೇ ಶುರು. ತುದಿಗೆ ಒಂದು ಚುಕ್ಕೆ ಅಂಟು ಹಾಕಿ ಒತ್ತಿ, ಆರಲಿ. ಆಮೇಲೆ ಮೇಲ್ಮೈಗೆ ಎರಡು ಕಂತಿನಲ್ಲಿ ಅಂಟು: ಮೊದಲು ಅರ್ಧ, ಅದು ಹಿಡಿದ ಮೇಲೆ ಉಳಿದರ್ಧ. ಒಂದೇ ಸಲ ಪೂರ್ತಿ ಹಾಕಿದರೆ ಕೊನೆ ತಲುಪುವ ಮೊದಲೇ ಅಂಟು ಆರಿ ಮೇಲೆ ಉಬ್ಬು ಕಾಣುತ್ತದೆ. ಮೇಲ್ಮೈಯಲ್ಲಿ ಅಂಟನ್ನು ಲೋಹಕ್ಕಿಂತ ರಿಬ್ಬನ್ ಮೇಲೆಯೇ ಹಾಕುವುದು ಲೇಸು. ಬಟ್ಟೆಯ ಮೇಲೆ ಅದು ಹೆಚ್ಚು ಹೊತ್ತು ಬಿಸಿಯಾಗಿ ಉಳಿಯುತ್ತದೆ.

ಕೊನೆಗೆ ಬಾಲ. ಕ್ಲಿಪ್ ನಾಲಿಗೆಯ ಮೇಲೇ ಇರಲಿ. ಬಾಯಿ ಹೆಚ್ಚುಕಡಿಮೆ ಮುಚ್ಚಿರುವಾಗ ಎರಡು ಬಾಲಗಳ ನಡುವೆ ಜಾಗ ಅಗಲವಾಗಿರುತ್ತದೆ. ಉಳಿದ ರಿಬ್ಬನ್ ಅನ್ನು ಬಾಲದ ತುದಿ ಸುತ್ತಿ ಅಡಿಗೆ ತಂದು ಅಂಟಿಸಿ, ಕಡ್ಡಿಯಿಂದ ಒತ್ತಿ. ಸ್ಪ್ರಿಂಗ್‌ಗೆ ತಾಗುವಷ್ಟು ಉದ್ದ ಇದ್ದರೆ ಕತ್ತರಿಸಿ, ಎಳೆದು ಕೂರಿಸಲು ಹೋಗಬೇಡಿ.

ಪೂರ್ತಿ ತಣಿದ ಮೇಲೆ ಹತ್ತಾರು ಸಲ ಕ್ಲಿಪ್ ತೆರೆದು ಮುಚ್ಚಿ. ಒಳ ತುದಿಯನ್ನು ಉಗುರಿನಿಂದ ಎಬ್ಬಿಸಿ ನೋಡಿ. ಎದ್ದರೆ ಅದನ್ನು ಈಗಲೇ ಮತ್ತೆ ಗಾಡಿಗೆ ಹಾಕಿ ಒಂದು ಚುಕ್ಕೆ ಅಂಟು ಕೊಡಿ, ಬೋ ಕೂರಿಸಿದ ಮೇಲೆ ಆ ಕೆಲಸ ಕಷ್ಟ.

ಕೆಳದವಡೆಗೆ ರಿಬ್ಬನ್ ಬೇಡವೇ ಎಂದು ಕೇಳುವವರಿದ್ದಾರೆ. ಅದು ಕೂದಲೊಳಗೆ ಸುಲಭವಾಗಿ ನುಸುಳಬೇಕಾದ ಕಡ್ಡಿ, ಅದಕ್ಕೂ ಬಟ್ಟೆ ಸುತ್ತಿದರೆ ದಪ್ಪವಾಗಿ ಹಾಕುವಾಗ ತೊಡಕು. ನಾನು ಬಿಡುತ್ತೇನೆ.

ಯಾವ ಅಂಟು

ಲೋಹದ ಮಟ್ಟಿಗೆ ಹೆಚ್ಚು ಬಿಸಿಯ ಗನ್ ಮೇಲು. ಕಡಿಮೆ ಬಿಸಿಯ ಗನ್‌ಗಳು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೆಚ್ಚು ಬಿಸಿಯವು 190ರ ಆಸುಪಾಸಿನಲ್ಲಿ ಅಂಟು ಕರಗಿಸುತ್ತವೆ. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿ ದಾಟಿದ ಮೇಲೆ, ಹಾಗಾಗಿ ಎರಡರಿಂದಲೂ ರಿಬ್ಬನ್ ಕರಗುವ ಭಯವಿಲ್ಲ. ಮಕ್ಕಳು ಪಕ್ಕದಲ್ಲಿ ಕೂತು ಕೆಲಸ ಮಾಡುವುದಾದರೆ ಮಾತ್ರ ಕಡಿಮೆ ಬಿಸಿಯದನ್ನೇ ಆರಿಸಿ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಕ್ಲಿಪ್‌ನ ಬಿಸಿ ಅಂಟು ಮೆತ್ತಗಾಗಿ ರಿಬ್ಬನ್ ಸರಿಯುವುದುಂಟು. ಹೆಚ್ಚು ಬಾಳಿಕೆ ಬೇಕಾದವರು ಲೋಹಕ್ಕೂ ಬಟ್ಟೆಗೂ ಹಿಡಿಯುವ, ನಿಧಾನವಾಗಿ ಒಣಗುವ ಅಂಟು ಬಳಸಬಹುದು. ಆಗಲೇ ಈ ನಾಲಿಗೆಗಳ ನಿಜವಾದ ಉಪಯೋಗ ಗೊತ್ತಾಗುವುದು, ಕ್ಲಿಪ್ ಗಂಟೆಗಟ್ಟಲೆ ಅಲ್ಲೇ ಕಚ್ಚಿಕೊಂಡಿರಬಹುದು. ಗಾಡಿಯಲ್ಲಿ ಮಾತ್ರ ಹಾಗೆ ರಾತ್ರಿಯಿಡೀ ಬಿಡಬೇಡಿ, ಸ್ಪ್ರಿಂಗ್ ಸಡಿಲವಾದೀತು. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಈ ಕೆಲಸಕ್ಕೆ ಸಲ್ಲದು. ರಿಬ್ಬನ್ ಗಡುಸಾಗಿ ಬಿಳಿ ಕಲೆ ಬೀಳುತ್ತದೆ, ಹತ್ತಿ ಬಟ್ಟೆಗೆ ತಾಗಿದರೆ ಸುಡುವಷ್ಟು ಬಿಸಿಯೂ ಆಗುತ್ತದೆ.

ಬಿಸಿ ಅಂಟು ಚರ್ಮಕ್ಕೆ ಬಿದ್ದರೆ ಕೀಳಲು ಹೋಗಬೇಡಿ, ಚರ್ಮವೂ ಜೊತೆಗೆ ಬರುತ್ತದೆ. ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮೂರು ವರ್ಷದೊಳಗಿನ ಮಕ್ಕಳಿಗೆ ಹಾಕುವ ಕ್ಲಿಪ್ ಮೇಲೆ ಮಣಿ, ಕಲ್ಲು ಅಂಟಿಸಬೇಡಿ, ಕಿತ್ತು ಬಾಯಿಗೆ ಹಾಕಿಕೊಂಡರೆ ಉಸಿರುಗಟ್ಟುತ್ತದೆ; ಮಲಗಿಸುವ ಮುಂಚೆ ಕ್ಲಿಪ್ ತೆಗೆದುಬಿಡಿ.

ಕೆಟ್ಟದ್ದನ್ನು ಬಿಚ್ಚುವುದು

ಸೊಟ್ಟಗೆ ಕೂತ ರಿಬ್ಬನ್‌ಗಾಗಿ ಕ್ಲಿಪ್ ಎಸೆಯುವ ಅಗತ್ಯವಿಲ್ಲ. ಹತ್ತಿಯ ಉಂಡೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಅಂಟಿನ ಅಂಚಿಗೆ ಹಚ್ಚಿ, ಅದು ಒಳಗೆ ಇಳಿಯಲು ಒಂದೆರಡು ನಿಮಿಷ ಬಿಡಿ. ಬಿಸಿ ಅಂಟು ಲೋಹದ ಹಿಡಿತ ಬಿಟ್ಟು ಸಿಪ್ಪೆಯಂತೆ ಎದ್ದು ಬರುತ್ತದೆ. ಆಲ್ಕೊಹಾಲ್ ಬೇಗ ಹೊತ್ತಿಕೊಳ್ಳುವ ವಸ್ತು, ಆದ್ದರಿಂದ ಈ ಕೆಲಸ ಮಾಡುವಾಗ ಮೇಣದ ಬತ್ತಿ ಆರಿಸಿ, ಗನ್‌ನ ಪ್ಲಗ್ ತೆಗೆದಿಡಿ. ಬಿಚ್ಚಿದ ಕ್ಲಿಪ್ ಅನ್ನು ಒರೆಸಿ ಒಣಗಿಸಿ ಮತ್ತೆ ಗಾಡಿಗೆ ಹಾಕಬಹುದು. ಹಳೆಯ ರಿಬ್ಬನ್ ಮಾತ್ರ ಮತ್ತೆ ಬಳಸಲು ಬಾರದು, ನೇಯ್ಗೆಯೊಳಗೆ ಅಂಟು ಇಂಗಿರುತ್ತದೆ.